ಮಂಗನ ಕಾಯಿಲೆ: ಕೊಯ್ಲಿನ ಹಂಗಾಮಿನಲ್ಲಿ ಬೆಳೆಗಾರರು ತಿಳಿದಿರಬೇಕಾದ ಸಂಗತಿಗಳು

ಅಡಿಕೆ ಕೊನೆ ಇಳಿಸುವ ಕಾಲ, ಕಾಫಿ ಹಣ್ಣು ಕೊಯ್ಯುವ ಕಾಲ, ಅಡಿಕೆ ಬೇಯಿಸುವ ಒಲೆಗೆ ಸೌದೆ ಒಟ್ಟುವ ಕಾಲ, ಬೆಟ್ಟದಲ್ಲಿ ದರಕು ಗುಡಿಸಿ ತರುವ ಕಾಲ – ಮಲೆನಾಡಿನಲ್ಲಿ ಇವೆಲ್ಲವೂ ಮಳೆ ನಿಂತ ಮೇಲಿನ ನಾಲ್ಕೈದು ತಿಂಗಳಲ್ಲಿ ಒಟ್ಟೊಟ್ಟಿಗೇ ಬರುತ್ತವೆ. ಕಾಡಿನ ಉಣುಗಿನ ಮರಿಗಳು ತರಗೆಲೆಯ ಮೇಲೆ ಹರಿದಾಡುವ ಕಾಲವೂ ಇದೇ. ಮಂಗನ ಕಾಯಿಲೆ ನವೆಂಬರ್-ಡಿಸೆಂಬರಿನಲ್ಲಿ ತಲೆಯೆತ್ತಿ, ಜನವರಿಯಿಂದ ಏಪ್ರಿಲ್ ತನಕ ಜೋರಾಗಿದ್ದು, ಮಳೆ ಬೀಳುವ ಹೊತ್ತಿಗೆ ಅಡಗಿಹೋಗುವುದಕ್ಕೆ ಕಾರಣ ಇದು.

ಈ ರೋಗಕ್ಕೆ ಇಂದಿಗೂ ನಿರ್ದಿಷ್ಟವಾದ ಔಷಧಿಯಿಲ್ಲ. ಬಹುಕಾಲ ಬಳಕೆಯಲ್ಲಿದ್ದ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ಹೀಗಿರುವಾಗ ನಮ್ಮ ಕೈಯಲ್ಲಿ ಉಳಿದಿರುವುದು ರೋಗ ಬರುವ ದಾರಿಯನ್ನು ಅರಿತು, ಆ ದಾರಿಯನ್ನು ಕಡಿಯುವ ಕೆಲಸ. ಆ ದಾರಿಯಲ್ಲಿ ಒಂದೆರಡು ಕೊಂಡಿಗಳು ನಮ್ಮ ಕೊಟ್ಟಿಗೆಯಲ್ಲಿ ಮತ್ತು ಸೊಪ್ಪಿನ ಬೆಟ್ಟದಲ್ಲಿಯೇ ಇವೆ ಎಂಬುದನ್ನು ಸಂಶೋಧಕರು ಐವತ್ತು-ಅರುವತ್ತು ವರ್ಷಗಳ ಹಿಂದೆಯೇ ತೋರಿಸಿಕೊಟ್ಟಿದ್ದಾರೆ. ಆ ತಿಳಿವಳಿಕೆ ಬೆಳೆಗಾರರನ್ನು ಇನ್ನೂ ಪೂರ್ತಿಯಾಗಿ ಮುಟ್ಟಿಲ್ಲ. ಆದ್ದರಿಂದ ಈ ಲೇಖನ.

ಕ್ಯಾಸನೂರಿನಲ್ಲಿ ಕಂಡದ್ದು

1956-57ರ ಹಂಗಾಮಿನಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ, ಸಾಗರ ಭಾಗದ ಹಳ್ಳಿಗಳಲ್ಲಿ ವಿಪರೀತ ಜ್ವರ ಕಾಣಿಸಿಕೊಂಡಿತು. ಮೊದಲಿಗೆ ಇದನ್ನು ವಿಷಮಶೀತ ಜ್ವರ, ಅಂದರೆ ಟೈಫಾಯ್ಡ್ ಇರಬಹುದೆಂದು ಭಾವಿಸಲಾಗಿತ್ತು. ಆದರೆ ಕಾಡಿನಲ್ಲಿ ಮಂಗಗಳು ಸಾಯುತ್ತಿವೆ, ಮಂಗ ಸತ್ತ ಕಡೆಯೇ ಜನರಿಗೂ ಜ್ವರ ಬರುತ್ತಿದೆ ಎಂಬುದನ್ನು ಹಳ್ಳಿಯವರು ಗಮನಿಸಿದ್ದರು. 'ಮಂಗನ ಕಾಯಿಲೆ' ಎಂಬ ಹೆಸರು ಬಂದದ್ದು ಅವರ ಬಾಯಿಂದ. ವಿಜ್ಞಾನಿಗಳಿಗೆ ಸಿಕ್ಕ ಮೊದಲ ಸುಳಿವೂ ಅದೇ ಆಯಿತು.

ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುವ ಇನ್ನೊಂದು ರೋಗವೆಂದರೆ ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಳದಿ ಜ್ವರ. ಅದು ಭಾರತಕ್ಕೆ ಕಾಲಿಟ್ಟಿದ್ದೇ ಆದರೆ ಅನಾಹುತವೆಂಬ ಆತಂಕದಿಂದ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡವೊಂದು ಮಲೆನಾಡಿಗೆ ಧಾವಿಸಿತು. ಈ ಕೇಂದ್ರವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ರಾಕ್‌ಫೆಲರ್ ಪ್ರತಿಷ್ಠಾನವೂ ಸೇರಿ 1952ರಲ್ಲಿ ಸ್ಥಾಪಿಸಿದ್ದವು. ಇಂದಿನ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ ಅದೇ. ಡಾ. ಟೆಲ್ಫರ್ ವರ್ಕ್ ಅವರ ನೇತೃತ್ವದ ತಂಡ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಸಿಕ್ಕ ರೋಗಪೀಡಿತ ಮಂಗದಿಂದ ವೈರಾಣುವನ್ನು ಬೇರ್ಪಡಿಸಿತು. ಪರೀಕ್ಷಿಸಿದಾಗ ಅದು ಹಳದಿ ಜ್ವರದ ವೈರಾಣು ಆಗಿರಲಿಲ್ಲ. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮೆದುಳು ಜ್ವರದ ವೈರಾಣುವಿಗೆ ಹತ್ತಿರದ, ಆದರೆ ಅಲ್ಲಿಯವರೆಗೆ ಯಾರೂ ಕಂಡಿರದ ಹೊಸ ವೈರಾಣು ಅದಾಗಿತ್ತು. ಹೀಗಾಗಿ ರೋಗಕ್ಕೆ 'ಕ್ಯಾಸನೂರು ಕಾಡಿನ ಕಾಯಿಲೆ' ಎಂಬ ಹೆಸರು ಲೋಕದ ವೈದ್ಯ ಗ್ರಂಥಗಳಲ್ಲಿ ಸೇರಿತು. 1957ರಲ್ಲಿ 466 ಮಂದಿ, ಮರುವರ್ಷ 181 ಮಂದಿ ಈ ಜ್ವರಕ್ಕೆ ತುತ್ತಾದರು.

ರಷ್ಯಾದ ವೈರಾಣು ಇಲ್ಲಿಗೆ ಹೇಗೆ ಬಂದೀತು? ಚಳಿಗಾಲದಲ್ಲಿ ವಲಸೆ ಬರುವ ಹಕ್ಕಿಗಳು ಉಣುಗನ್ನು ಹೊತ್ತು ತಂದಿರಬಹುದೇ ಎಂಬ ಸಂಶಯವೂ ಮೂಡಿತು. ಇದನ್ನು ಪರೀಕ್ಷಿಸಲೆಂದೇ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಡಾ. ಸಾಲಿಂ ಅಲಿಯವರ ಮುಂದಾಳ್ತನದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕಾರ್ಯವನ್ನು ಕೈಗೊಂಡಿತು. ಹಕ್ಕಿಗಳ ಬಗ್ಗೆ ಅಪಾರ ಮಾಹಿತಿ ದೊರೆಯಿತು. ಆದರೆ ರೋಗವನ್ನು ವರ್ಷವರ್ಷವೂ ಉಳಿಸಿಕೊಂಡು ಬರುವ ವ್ಯವಸ್ಥೆ ಮಲೆನಾಡಿನ ಕಾಡಿನೊಳಗೇ ಇದೆಯೆಂದು ಸಾಗರದ ಕ್ಷೇತ್ರ ಕೇಂದ್ರದಲ್ಲಿ ನಡೆದ ಅಧ್ಯಯನಗಳು ತಿಳಿಸಿದವು.

ಉಣುಗಿನ ಒಂದು ವರ್ಷ

ಕಾಡಿನಲ್ಲಿ ಹಲವು ಜಾತಿಯ ಉಣುಗುಗಳಿವೆ. ಕೆಲವು ಕಡೆ ಇದನ್ನೇ ಉಣ್ಣೆ ಎಂದೂ ಕರೆಯುತ್ತಾರೆ. ಈ ಪೈಕಿ ರೋಗ ಹರಡುವಲ್ಲಿ ಮುಖ್ಯವಾದದ್ದು ಹೀಮಾಫೈಸಾಲಿಸ್ ಸ್ಪೈನಿಜೆರಾ ಎಂಬ ಜಾತಿ. ಇದರ ಬದುಕನ್ನು ತಿಳಿದುಕೊಂಡರೆ ರೋಗದ ಅರ್ಧ ಗುಟ್ಟು ತಿಳಿದಂತೆ.

ಈ ಉಣುಗು ತನ್ನ ಜೀವಮಾನದಲ್ಲಿ ಮೂರೇ ಬಾರಿ, ಮೂರು ಬೇರೆ ಬೇರೆ ಪ್ರಾಣಿಗಳ ಮೇಲೆ ರಕ್ತ ಹೀರುತ್ತದೆ. ಮಳೆಗಾಲದಲ್ಲಿ ಬೆಳೆದ ಉಣುಗುಗಳು ದನ, ಎಮ್ಮೆ, ಕಾಡಿನ ದೊಡ್ಡ ಪ್ರಾಣಿಗಳ ಮೈಗೆ ಹತ್ತುತ್ತವೆ. ಹೊಟ್ಟೆ ತುಂಬಿದ ಹೆಣ್ಣು ನೆಲಕ್ಕೆ ಉದುರಿ, ಎಲೆಗಳ ಅಡಿಯಲ್ಲಿ ಸಾವಿರಾರು ಮೊಟ್ಟೆಯಿಟ್ಟು ಸಾಯುತ್ತದೆ. ಮಳೆ ಹಿಂದಾಗುವಾಗ ಮೊಟ್ಟೆಯೊಡೆದು ಸೂಜಿಮೊನೆಯಷ್ಟು ಸಣ್ಣ, ಆರು ಕಾಲಿನ ಮರಿಗಳು ಹೊರಬರುತ್ತವೆ. ಇವು ಇಲಿ, ಮೂಗಿಲಿ, ಅಳಿಲು, ಹಕ್ಕಿ, ಮಂಗಗಳ ಮೇಲೆ ಒಂದು ಸಲ ರಕ್ತ ಕುಡಿದು ಮತ್ತೆ ನೆಲಕ್ಕೆ ಬಿದ್ದು, ಪೊರೆ ಕಳಚಿ, ಎಂಟು ಕಾಲಿನ ಎರಡನೇ ಹಂತದ ಮರಿಗಳಾಗುತ್ತವೆ. ಎಳ್ಳಿನ ಕಾಳಿಗಿಂತಲೂ ಚಿಕ್ಕದಾದ ಈ ಎರಡನೇ ಹಂತದ ಮರಿಯೇ ಮನುಷ್ಯನಿಗೆ ಕಚ್ಚುವುದು. ಕಚ್ಚಿದ್ದು ಎಷ್ಟೋ ಬಾರಿ ಗೊತ್ತೇ ಆಗುವುದಿಲ್ಲ.

ಮೊಟ್ಟೆಯಿಂದ ಹೊರಬಂದ ಮರಿಯಲ್ಲಿ ಸಾಮಾನ್ಯವಾಗಿ ವೈರಾಣು ಇರುವುದಿಲ್ಲ. ಅದು ಮೊದಲ ಸಲ ಕುಳಿತ ಪ್ರಾಣಿಯ ರಕ್ತದಲ್ಲಿ ವೈರಾಣು ಇದ್ದರೆ ಮಾತ್ರ ಅದನ್ನು ಪಡೆದುಕೊಂಡು, ಪೊರೆ ಕಳಚಿದ ಮೇಲೂ ಉಳಿಸಿಕೊಂಡು, ಎರಡನೇ ಸಲ ಕಚ್ಚಿದಾಗ ದಾಟಿಸುತ್ತದೆ. ಇಲಿ, ಮೂಗಿಲಿಗಳಂಥ ಸಣ್ಣ ಪ್ರಾಣಿಗಳು ಸದ್ದಿಲ್ಲದೆ ವೈರಾಣುವನ್ನು ಕಾಡಿನಲ್ಲಿ ಉಳಿಸಿಕೊಂಡು ಬರುತ್ತವೆ. ಮಂಗಗಳಲ್ಲಿ ಮಾತ್ರ ಅದು ವಿಪರೀತವಾಗಿ ಹೆಚ್ಚುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಈ ರೋಗ ಹರಡುವುದಿಲ್ಲ. ಆದ್ದರಿಂದ ರೋಗಿಯ ಮನೆಯನ್ನು ದೂರವಿಡುವುದಾಗಲಿ, ಅಂಥ ಮನೆಯವರನ್ನು ಕೆಲಸಕ್ಕೆ ಕರೆಯದಿರುವುದಾಗಲಿ ತೀರಾ ತಪ್ಪು.

ದನದ ಪಾತ್ರ

ಇಲ್ಲಿ ಬೆಳೆಗಾರರು ಗಮನಿಸಬೇಕಾದ ಮುಖ್ಯ ಸಂಗತಿಯಿದೆ. ದನಗಳಿಗೆ ಮಂಗನ ಕಾಯಿಲೆ ಬಂದು ನರಳುವುದಿಲ್ಲ. ಅವುಗಳ ರಕ್ತದಲ್ಲಿ ಉಣುಗಿಗೆ ದಾಟುವಷ್ಟು ವೈರಾಣು ಬೆಳೆಯುವುದೂ ಇಲ್ಲ. ಹಾಲಿನಿಂದ ಈ ರೋಗ ಬಂದುದಕ್ಕೆ ಆಧಾರವಿಲ್ಲ. ಹಾಗಾದರೆ ದನಕ್ಕೂ ರೋಗಕ್ಕೂ ಸಂಬಂಧವೇನು?

ದಕ್ಷಿಣ ಅಮೆರಿಕದಲ್ಲಿ ಹಳದಿ ಜ್ವರದ ಮೇಲೆ ಕೆಲಸ ಮಾಡಿ ಬಂದಿದ್ದ ಡಾ. ಬೊಶೆಲ್ ಎಂಬ ವಿಜ್ಞಾನಿ ಇದಕ್ಕೆ ಉತ್ತರ ಹುಡುಕಿದರು. ಜನವಸತಿ ಹೆಚ್ಚಿ, ಕಾಡನ್ನು ಅಲ್ಲಲ್ಲಿ ಸವರಿ, ಉಳಿದ ಕಾಡಿನಂಚಿಗೆ ದನಗಳನ್ನು ಮೇಯಲು ಬಿಟ್ಟಾಗ, ಬೆಳೆದ ಉಣುಗಿಗೆ ಹಿಂದೆಂದೂ ಇಲ್ಲದಷ್ಟು ಆಹಾರ ದೊರೆಯಿತು. ಕಾಡಿನಲ್ಲಿ ವಿರಳವಾಗಿದ್ದ ಉಣುಗು ಊರಿನ ಪಕ್ಕದಲ್ಲೇ ಕೋಟಿಗಟ್ಟಲೆ ಆಯಿತು. ಮುಂಚೆ ಕಾಡಿನೊಳಗೆ ತನ್ನಷ್ಟಕ್ಕೆ ಇದ್ದ ವೈರಾಣು ಮನುಷ್ಯನನ್ನು ಮುಟ್ಟಿದ್ದು ಹೀಗೆ ಎಂದು 1969ರಲ್ಲಿ ಅವರು ವಾದಿಸಿದರು. ಸಂಕ್ಷೇಪವಾಗಿ ಹೇಳುವುದಾದರೆ, ದನ ವೈರಾಣುವನ್ನು ಹೆಚ್ಚಿಸುವುದಿಲ್ಲ, ಉಣುಗನ್ನು ಹೆಚ್ಚಿಸುತ್ತದೆ.

ಇದರಿಂದ ಒಂದು ಪಾಠ ಕಲಿಯಬಹುದು. ಜ್ವರ ಕಾಣುವುದು ಜನವರಿಯಲ್ಲಾದರೂ ಅದರ ಬಿತ್ತನೆ ನಡೆಯುವುದು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ, ಮೇಯಲು ಹೋದ ನಮ್ಮ ದನಗಳ ಮೈಮೇಲೆ. ಮಳೆಗಾಲದಲ್ಲಿ ಒಂದು ಹಸುವಿನ ಕಿವಿಯಿಂದ, ಕೆಚ್ಚಲಿನ ಸಂದಿಯಿಂದ ಕಿತ್ತು ನಾಶಮಾಡಿದ ಒಂದೊಂದು ಹೆಣ್ಣು ಉಣುಗೂ ಬೇಸಗೆಯಲ್ಲಿ ಬೆಟ್ಟದಲ್ಲಿ ಹರಡಬಹುದಾದ ಸಾವಿರಾರು ಮರಿಗಳ ಲೆಕ್ಕ. ಕಾಡೆಮ್ಮೆ, ಕಡವೆಗಳ ಮೇಲಿನ ಉಣುಗು ನಮ್ಮ ಕೈಗೆ ಸಿಕ್ಕದು, ಕೊಟ್ಟಿಗೆಯಲ್ಲಿರುವುದು ಸಿಕ್ಕುತ್ತದೆ.

ಮಂಗ ಸತ್ತರೆ

ತೋಟದ ಬಾಳೆಗೊನೆ, ಏಲಕ್ಕಿ, ಎಳೆ ಅಡಿಕೆಯನ್ನು ಹಾಳುಮಾಡುವ ಮಂಗಗಳ ಮೇಲೆ ಬೆಳೆಗಾರರಿಗೆ ಕೋಪವಿರುವುದು ಸಹಜವೇ. ಮಂಗಗಳನ್ನೇ ಇಲ್ಲವಾಗಿಸಿದರೆ ಕಾಯಿಲೆಯೂ ಹೋದೀತು ಎನ್ನುವವರೂ ಇದ್ದಾರೆ. ಇದು ಸರಿಯಲ್ಲ, ಕಾನೂನಿಗೂ ವಿರುದ್ಧ. ಮಂಗ ಇಲ್ಲಿ ರೋಗದ ತವರಲ್ಲ, ನಮ್ಮಂತೆಯೇ ಅದರ ಬಲಿ. ಕಪ್ಪು ಮುಖದ ಮುಸಿಯಗಳಂತೂ ಕೆಂಪು ಮೋರೆಯ ಮಂಗಗಳಿಗಿಂತ ಬೇಗ ಸಾಯುತ್ತವೆ.

ಅಪಾಯವಿರುವುದು ಮಂಗ ಸತ್ತ ಜಾಗದಲ್ಲಿ. ಮಂಗದ ಮೈ ತಣ್ಣಗಾಗುತ್ತಲೇ ಅದರ ಮೇಲಿದ್ದ ನೂರಾರು ಉಣುಗುಗಳು ಇಳಿದು ಸುತ್ತಲಿನ ತರಗೆಲೆಯಲ್ಲಿ ಸೇರುತ್ತವೆ. ವೈರಾಣು ತುಂಬಿದ ರಕ್ತ ಕುಡಿದ ಇವು ಪೊರೆ ಕಳಚಿ ಮುಂದಿನ ಬೇಟೆಗೆ ಕಾದಿರುತ್ತವೆ. ಮಂಗ ಸತ್ತ ಸ್ಥಳಗಳ ಸುತ್ತ ಸೋಂಕಿತ ಮರಿಗಳು ದಟ್ಟವಾಗಿರುವುದನ್ನು ಡಾ. ಬೊಶೆಲ್ ಮತ್ತು ಡಾ. ಪಿ. ಕೆ. ರಾಜಗೋಪಾಲನ್ ಅವರಂಥ ಸಂಶೋಧಕರು ಸಾಗರದ ಸುತ್ತಿನ ಕಾಡುಗಳಲ್ಲಿ ಅಳೆದು ತೋರಿಸಿದರು. ದೇಹ ಕೊಳೆತು ಎಲುಬಾದ ಮೇಲೂ ಅಲ್ಲಿನ ನೆಲ ವಾರಗಟ್ಟಲೆ ಅಪಾಯಕಾರಿಯೇ.

ಆದ್ದರಿಂದ ಮಂಗ ಸತ್ತದ್ದು ಕಂಡರೆ ಮುಟ್ಟಬಾರದು, ಎಳೆಯಬಾರದು, ತಾವಾಗಿ ಹೂಳಲೂ ಹೋಗಬಾರದು. ನಾಯಿಯನ್ನು ಅತ್ತ ಬಿಡಬಾರದು. ಕೂಡಲೇ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ, ಅರಣ್ಯ ಅಥವಾ ಪಶುವೈದ್ಯ ಇಲಾಖೆಯವರಿಗೋ, ಆಶಾ ಕಾರ್ಯಕರ್ತೆಗೋ ತಿಳಿಸಬೇಕು. ಅವರು ಬಂದು ಮಾದರಿ ತೆಗೆದು, ದೇಹವನ್ನು ಸುಟ್ಟು, ಸುತ್ತ ಉಣುಗು ಸಾಯುವ ಪುಡಿ ಎರಚುತ್ತಾರೆ. ಕೊಯ್ಲು ನಿಂತೀತು, ಆಳುಗಳು ಹೆದರಿ ಬರದೆ ಹೋದಾರು ಎಂದು ಸುದ್ದಿಯನ್ನು ಮುಚ್ಚಿಟ್ಟರೆ ನಷ್ಟ ಹೆಚ್ಚುವುದೇ ಹೊರತು ತಪ್ಪುವುದಿಲ್ಲ. ಸತ್ತ ಮಂಗ ನಮಗೆ ಸಿಗುವ ಮೊದಲ ಎಚ್ಚರಿಕೆ.

ರೋಗ ಹರಡಿದ ಬಗೆ

ಮೊದಲ ಹದಿನೈದು ವರ್ಷ ಕಾಯಿಲೆ ಶಿವಮೊಗ್ಗ ಜಿಲ್ಲೆಯ ಕೆಲವೇ ತಾಲ್ಲೂಕುಗಳಲ್ಲಿತ್ತು. ಬಳಿಕ ಉತ್ತರ ಕನ್ನಡಕ್ಕೂ ಕರಾವಳಿಗೂ ಇಳಿಯಿತು. 1982ರಿಂದ 84ರ ನಡುವೆ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ, ಗೇರು ನೆಡುತೋಪಿಗಾಗಿ ಕಾಡು ಕಡಿದ ಪ್ರದೇಶದಲ್ಲಿ ಭೀಕರವಾಗಿ ಹಬ್ಬಿ, ಸಾವಿರಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದರು. ಕಾಡು ಕಡಿಯುವ ಕೆಲಸಕ್ಕೆ ಹೋದ ಕೂಲಿಯವರೇ ಮೊದಲು ಬಲಿಯಾದವರು.

2012ರಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳ ವಿಲೇವಾರಿಯಲ್ಲಿ ತೊಡಗಿದ್ದ ಅರಣ್ಯ ಸಿಬ್ಬಂದಿಗೆ ರೋಗ ತಗಲಿತು. ಮರುವರ್ಷ ನೀಲಗಿರಿಯಲ್ಲೂ ಕೇರಳದ ವಯನಾಡಿನಲ್ಲೂ ವೈರಾಣು ಪತ್ತೆಯಾಯಿತು. ವಯನಾಡಿನಲ್ಲಿ 2015ರಲ್ಲಿ ನೂರಕ್ಕೂ ಹೆಚ್ಚು ಪ್ರಕರಣಗಳಾದವು. ಅದೇ ವರ್ಷ ಗೋವೆಯ ಸತ್ತರಿ ತಾಲ್ಲೂಕಿನಲ್ಲಿ ಗೇರುತೋಪಿನ ಕೆಲಸಗಾರರಲ್ಲಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗದಲ್ಲಿ ಕಾಣಿಸಿಕೊಂಡಿತು. 2018-19ರ ಹಂಗಾಮಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಹಲವರನ್ನು ಬಲಿ ತೆಗೆದುಕೊಂಡಿತು. 2024ರಲ್ಲಿ ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಮತ್ತೆ ಜನರು ಪ್ರಾಣ ಕಳೆದುಕೊಂಡರು. ಈ ಎಲ್ಲ ಕಡೆಗಳಲ್ಲಿ ಕಾಡು ಮತ್ತು ತೋಟಗಳು ಒಂದರೊಳಗೊಂದು ಬೆರೆತುಕೊಂಡಿವೆ. ಅಂಥ ನೆಲದಲ್ಲೇ ಅಡಿಕೆಯೂ ಕಾಫಿಯೂ ಬೆಳೆಯುವುದು.

ಲಸಿಕೆಯ ಕಥೆ

ಆರಂಭದ ವರ್ಷಗಳಲ್ಲಿ ರಷ್ಯಾದ ಮೆದುಳು ಜ್ವರದ ಲಸಿಕೆಯನ್ನೇ ಇಲ್ಲಿ ಪ್ರಯೋಗಿಸಿ ನೋಡಲಾಯಿತು. ವೈರಾಣುಗಳು ಹತ್ತಿರದ ನೆಂಟರಾದರೂ ಅದರಿಂದ ಪ್ರಯೋಜನವಾಗಲಿಲ್ಲ. ಅನಂತರ ಕೋಳಿ ಭ್ರೂಣದ ಜೀವಕೋಶಗಳಲ್ಲಿ ಕ್ಯಾಸನೂರು ವೈರಾಣುವನ್ನೇ ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆ ಸಿದ್ಧವಾಯಿತು. 1990-92ರ ಪರೀಕ್ಷೆಯಲ್ಲಿ ಎರಡು ಡೋಸ್ ಪಡೆದವರಿಗೆ ಶೇಕಡ 93.5ರಷ್ಟು ರಕ್ಷಣೆ ಸಿಕ್ಕಿತೆಂದು ವರದಿಯಾಯಿತು. ಆದರೆ 2005ರಿಂದ 2010ರವರೆಗಿನ ಅನುಭವವನ್ನು ಲೆಕ್ಕಹಾಕಿದಾಗ ಎರಡು ಡೋಸಿನಿಂದ ಶೇಕಡ 62.4, ಬಳಿಕದ ವರ್ಧಕ ಡೋಸನ್ನೂ ಪಡೆದವರಲ್ಲಿ ಶೇಕಡ 82.9 ಎಂದು ಕಂಡುಬಂತು. ಒಂದೇ ಡೋಸ್ ಹಾಕಿಸಿಕೊಂಡು ಬಿಟ್ಟವರಿಗೆ ರಕ್ಷಣೆ ಸಿಗಲಿಲ್ಲ.

ತಿಂಗಳ ಅಂತರದಲ್ಲಿ ಎರಡು ಚುಚ್ಚು, ಆರರಿಂದ ಒಂಬತ್ತು ತಿಂಗಳಿಗೆ ಮತ್ತೊಂದು, ಮುಂದೆ ವರ್ಷಕ್ಕೊಂದು – ಹೀಗೆ ಹಲವು ಬಾರಿ ಕೈಯೊಡ್ಡಬೇಕಿತ್ತು. ಚುಚ್ಚಿದ ಜಾಗದ ನೋವಿಗೆ, ಕೆಲಸ ಬಿಡಬೇಕಾದ್ದಕ್ಕೆ ಹೆದರಿ ಅರ್ಧಕ್ಕೇ ಬಿಟ್ಟವರು ಬಹಳ. ಕೊನೆಗೆ ಲಸಿಕೆಯ ಸತ್ವವೇ ಪರೀಕ್ಷೆಯಲ್ಲಿ ಸಾಲದೆಂದು ಕಂಡುಬಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಲಸಿಕಾ ತಯಾರಕರೊಡನೆ ಸೇರಿ ಹೊಸ ಲಸಿಕೆಯ ಕೆಲಸ ಕೈಗೊಂಡಿದೆ. ಅದು ಎಲ್ಲ ಪರೀಕ್ಷೆಗಳನ್ನೂ ದಾಟಿ ನಮ್ಮ ಊರಿನ ಆಸ್ಪತ್ರೆಗೆ ತಲಪುವವರೆಗೆ ಕೈಕಟ್ಟಿ ಕೂರುವಂತಿಲ್ಲ.

ತೋಟದಲ್ಲಿ, ಕೊಟ್ಟಿಗೆಯಲ್ಲಿ ಮಾಡಬೇಕಾದ್ದು

1. ಮಳೆಗಾಲದ ಆರಂಭದಿಂದಲೇ ದನಗಳ ಮೈಯನ್ನು ವಾರಕ್ಕೊಮ್ಮೆಯಾದರೂ ತಡವಿ ನೋಡಬೇಕು. ಉಣುಗು ಹೆಚ್ಚಿದ್ದರೆ ಪಶುವೈದ್ಯರ ಸಲಹೆಯಂತೆ ಐವರ್ಮೆಕ್ಟಿನ್ ಚುಚ್ಚುಮದ್ದು ಅಥವಾ ಬೆನ್ನಿಗೆ ಹುಯ್ಯುವ ಫ್ಲುಮೆಥ್ರಿನ್ ಔಷಧಿ ಕೊಡಿಸಬೇಕು. ಕರೆಯುವ ಹಸುವಾದರೆ ಎಷ್ಟು ದಿನ ಹಾಲು ಬಳಸಬಾರದೆಂಬುದನ್ನು ಅವರಿಂದ ಕೇಳಿ ತಿಳಿಯಬೇಕು.

2. ಡಿಸೆಂಬರಿನಿಂದ ಮೇ ತನಕ, ಅದರಲ್ಲೂ ಹತ್ತಿರದಲ್ಲಿ ಮಂಗ ಸತ್ತ ಸುದ್ದಿಯಿದ್ದರೆ, ಆ ಕಾಡಿಗೆ ದನ ಬಿಡುವುದನ್ನೂ ಸೌದೆ-ದರಕು ತರುವುದನ್ನೂ ನಿಲ್ಲಿಸಬೇಕು. ಅಡಿಕೆ ಬೇಯಿಸುವ ಸೌದೆಯನ್ನು ಮಳೆಗಾಲಕ್ಕೆ ಮುಂಚೆಯೇ ಒಟ್ಟಿಕೊಂಡರೆ ಕೊಯ್ಲಿನ ನಡುವೆ ಕಾಡಿಗೆ ಹೋಗುವ ಪ್ರಮೇಯ ಬಾರದು.

3. ದರಕಿನ ರಾಶಿಯನ್ನು ಮನೆಯ ಗೋಡೆಗೆ ಆನಿಸಿ, ಅಂಗಳದ ಪಕ್ಕದಲ್ಲಿ ಹಾಕಬಾರದು. ಎಲೆಯೊಡನೆ ಉಣುಗೂ ಬರುತ್ತದೆ. ರಾಶಿ ದೂರವಿರಲಿ, ಮಕ್ಕಳು ಅದರ ಮೇಲೆ ಆಡದಿರಲಿ.

4. ಬೆಟ್ಟಕ್ಕೆ, ಕಾಡಂಚಿನ ತೋಟಕ್ಕೆ ಹೋಗುವಾಗ ತುಂಬು ತೋಳಿನ ಅಂಗಿ, ಉದ್ದ ಷರಾಯಿ ತೊಟ್ಟು, ಷರಾಯಿಯ ತುದಿಯನ್ನು ಕಾಲುಚೀಲದೊಳಗೆ ಸೇರಿಸಬೇಕು. ಆರೋಗ್ಯ ಇಲಾಖೆಯವರು ಕೊಡುವ ಉಣುಗು ತಡೆಯುವ ಎಣ್ಣೆಯನ್ನು (ಹಿಂದೆ ಡಿಎಂಪಿ, ಈಚೆಗೆ ಡೆಪಾ) ಕೈಕಾಲು, ಕುತ್ತಿಗೆಗೆ ಹಚ್ಚಬೇಕು. ಇದರ ಪರಿಣಾಮ ಕೆಲವು ಗಂಟೆ ಮಾತ್ರ. ಇಡೀ ದಿನದ ಕೆಲಸವಿದ್ದರೆ ಮಧ್ಯಾಹ್ನ ಮತ್ತೆ ಹಚ್ಚಬೇಕಾಗುತ್ತದೆ.

5. ನೆಲದ ಮೇಲೆ, ತರಗೆಲೆಯ ಮೇಲೆ ಕೂರಬಾರದು. ಬಿದ್ದ ಅಡಿಕೆ ಹೆಕ್ಕುವವರು, ಕಾಫಿ ಗಿಡದ ಬುಡದಲ್ಲಿ ಉದುರು ಹಣ್ಣು ಆರಿಸುವವರು ಹೆಚ್ಚು ಎಚ್ಚರದಿಂದಿರಬೇಕು.

6. ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಹಾಕಿ, ಸಾಬೂನು ಹಚ್ಚಿ ಬಿಸಿನೀರಿನ ಸ್ನಾನ ಮಾಡಬೇಕು. ಕಂಕುಳು, ತೊಡೆಸಂದು, ಕಿವಿಯ ಹಿಂದೆ ನೋಡಿಕೊಳ್ಳಬೇಕು. ಕಚ್ಚಿಕೊಂಡ ಉಣುಗನ್ನು ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೆಟ್ಟಗೆ ಎಳೆದು ತೆಗೆಯಬೇಕು. ಉಗುರಿನಿಂದ ಹಿಸುಕುವುದು, ಬೀಡಿಯಿಂದ ಸುಡುವುದು ಬೇಡ.

ಜ್ವರ ಬಂದರೆ

ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳೊಳಗೆ ಒಮ್ಮೆಲೇ ಚಳಿ-ಜ್ವರ, ಹಣೆಯಲ್ಲಿ ತೀವ್ರ ನೋವು, ಸೊಂಟ ಮತ್ತು ಮೀನಖಂಡಗಳಲ್ಲಿ ತಡೆಯಲಾರದ ನೋವು, ಕಣ್ಣು ಕೆಂಪಾಗುವುದು, ವಾಂತಿ-ಭೇದಿ ಕಾಣಿಸುತ್ತವೆ. ಕೆಲವರಿಗೆ ವಸಡಿನಿಂದ, ಮೂಗಿನಿಂದ, ಮಲದಲ್ಲಿ ರಕ್ತ ಹೋಗಬಹುದು. ರಕ್ತದ ಪ್ಲೇಟ್‌ಲೆಟ್‌ಗಳು ಇಳಿಯುತ್ತವೆ. ಬಹುಮಂದಿ ಎರಡು ವಾರದಲ್ಲಿ ಗುಣವಾಗುತ್ತಾರೆ. ಆದರೆ ನೂರಕ್ಕೆ ಹತ್ತರಿಂದ ಇಪ್ಪತ್ತು ಮಂದಿಯಲ್ಲಿ ಜ್ವರ ಬಿಟ್ಟಂತಾಗಿ, ಮೂರನೇ ವಾರದಲ್ಲಿ ಮರುಕಳಿಸಿ, ತಲೆನೋವು, ನಡುಕ, ಬುದ್ಧಿಭ್ರಮಣೆಯ ಲಕ್ಷಣಗಳೊಡನೆ ಬರುತ್ತದೆ. ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ.

ಔಷಧಿಯಿಲ್ಲದ ರೋಗಕ್ಕೆ ಆಸ್ಪತ್ರೆಗೆ ಹೋಗಿ ಏನು ಲಾಭ ಎಂದು ಕೇಳುವವರುಂಟು. ದೇಹದ ನೀರಿನಂಶ, ರಕ್ತದೊತ್ತಡ ಇಳಿಯದಂತೆ ನೋಡಿಕೊಳ್ಳುವುದು, ರಕ್ತಸ್ರಾವವಾದರೆ ತಕ್ಷಣ ರಕ್ತ ಕೊಡುವುದು – ಜೀವ ಉಳಿಸುವ ಚಿಕಿತ್ಸೆಯೆಂದರೆ ಇದೇ. ಜ್ವರದ ಮೊದಲ ದಿನಗಳಲ್ಲೇ ರಕ್ತ ಪರೀಕ್ಷೆ ಮಾಡಿಸಿದರೆ ರೋಗ ಖಚಿತವಾಗಿ ತಿಳಿಯುತ್ತದೆ. ಕಾಡಿಗೆ ಹೋಗಿದ್ದನ್ನು, ಊರಿನಲ್ಲಿ ಮಂಗ ಸತ್ತದ್ದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಅಂಗಡಿಯಿಂದ ಮೈಕೈನೋವಿನ ಮಾತ್ರೆ, ಆಸ್ಪಿರಿನ್ ತಂದು ನುಂಗಬಾರದು. ಅವು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ಜ್ವರ ಬಿಟ್ಟಿತೆಂದು ಮರುದಿನವೇ ಕೆಲಸಕ್ಕಿಳಿಯದೆ ಮೂರನೇ ವಾರ ಕಳೆಯುವವರೆಗೆ ಗಮನವಿಡಬೇಕು.

ಕೊನೆಯದಾಗಿ ಒಂದು ಮಾತು. ತೋಟದ ಯಜಮಾನರಿಗಿಂತ ಸೊಪ್ಪು ತರುವವರು, ಸೌದೆ ಒಡೆಯುವವರು, ಹಣ್ಣು ಕೊಯ್ಯುವವರು ಹೆಚ್ಚಾಗಿ ಈ ರೋಗಕ್ಕೆ ತುತ್ತಾಗುತ್ತಾರೆ. ಘಟ್ಟದ ಕೆಳಗಿನಿಂದಲೋ, ಬಯಲುಸೀಮೆಯಿಂದಲೋ, ದೂರದ ರಾಜ್ಯಗಳಿಂದಲೋ ಕೊಯ್ಲಿಗೆ ಬಂದ ಕೆಲಸಗಾರರಿಗೆ ಮಂಗನ ಕಾಯಿಲೆಯ ಹೆಸರೇ ಗೊತ್ತಿರುವುದಿಲ್ಲ. ಕೆಲಸಕ್ಕೆ ಇಳಿಯುವ ಮೊದಲ ದಿನವೇ ಅವರಿಗೆ ತಿಳಿಯುವ ಭಾಷೆಯಲ್ಲಿ ವಿಷಯ ಹೇಳುವುದು, ಎಣ್ಣೆಯ ಬಾಟಲಿ ಕೈಗೆ ಕೊಡುವುದು, ಸಂಜೆ ಸ್ನಾನಕ್ಕೆ ಬಿಸಿನೀರು ಒದಗಿಸುವುದು, ಜ್ವರವೆಂದರೆ ಕೂಲಿ ಕತ್ತರಿಸದೆ ಆಸ್ಪತ್ರೆಗೆ ಕಳುಹಿಸುವುದು ಬೆಳೆಗಾರನ ಕರ್ತವ್ಯ. ಒಬ್ಬರ ಕೊಟ್ಟಿಗೆಯ ಉಣುಗು ಹತ್ತು ಮನೆಯ ಬೆಟ್ಟಕ್ಕೆ ಹರಡುವುದರಿಂದ ಇದು ಒಬ್ಬೊಬ್ಬರೇ ಮಾಡಿ ಮುಗಿಸುವ ಕೆಲಸವಲ್ಲ. ಸದಸ್ಯ ಬಾಂಧವರು ಊರಿಗೊಂದರಂತೆ ಸಭೆ ಸೇರಿ, ಬರುವ ಮಳೆಗಾಲದಲ್ಲಿ ದನಗಳಿಗೆ ಒಟ್ಟಾಗಿ ಉಣುಗಿನ ಔಷಧಿ ಕೊಡಿಸುವ ದಿನವನ್ನು ಈಗಲೇ ಗೊತ್ತುಮಾಡಿಕೊಳ್ಳುವುದು ಒಳಿತು.